ಅಂಗೈ ಯಂತ್ರದ ಖಾಲಿ ಪುಟ

ದಾವಣಗೆರೆಯ ಫರೀದಾ ಅಮೆರಿಕದ ಲಿವೋನಿಯಾ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿ ಅಂಗೈಯಗಲದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. 1999ರಲ್ಲಿ ಆ ಯಂತ್ರಕ್ಕೆ ಎಲ್ಲಿಲ್ಲದ ಬೇಡಿಕೆ. ಕಾರು ಕಾರ್ಖಾನೆಯ ಇನ್‌ಸ್ಪೆಕ್ಟರುಗಳು, ಡಾಕ್ಟರುಗಳು, ಮನೆ ಮಾರುವ ಏಜೆಂಟರು, ಯಾರ ಜೇಬಿನಲ್ಲಿ ನೋಡಿದರೂ ಅದೇ. ಪ್ಲಾಸ್ಟಿಕ್ ಕಡ್ಡಿಯಿಂದ ಗಾಜಿನ ಮೇಲೆ ಗೀಚಿದರೆ ವಿಳಾಸ, ದಿನಚರಿ ಎಲ್ಲ ಒಳಗೆ ಸೇರುತ್ತಿತ್ತು.

ಆ ಚಳಿಗಾಲ ಅವಳ ಬಡಾವಣೆಯಲ್ಲೇ ಇದ್ದ ಬಾಗಲಕೋಟೆಯ ಡಾಕ್ಟರ್ ದಾನಪ್ಪನವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಬೇಕಾದ ಪದ ನಾಲಿಗೆಗೂ ಬಾರದು, ಬರೆಯಲೂ ಬಾರದು. ನಲವತ್ತು ವರ್ಷ ರೋಗಿಗಳನ್ನು ಮಾತಾಡಿಸಿದ್ದ ಮನುಷ್ಯ ಈಗ ಸಿಟ್ಟು ಬಂದರೆ ತಟ್ಟೆ ನೂಕುತ್ತಿದ್ದರು. ಹೆಂಡತಿ ಪ್ರಭಾವತಿ ಬಾತ್‌ರೂಮಿನಲ್ಲಿ ಅತ್ತು ಬರುತ್ತಿದ್ದರು.

ಫರೀದಾ ಮೂರು ವಾರ ಕೂತು ಅರವತ್ತು ಪುಟ್ಟ ಚಿತ್ರಗಳನ್ನು ಬಿಡಿಸಿದಳು: ನೀರು, ನೋವು, ಚಳಿ, ಮಗಳಿಗೆ ಫೋನ್. ಅವನ್ನು ಒಂದು ಯಂತ್ರದಲ್ಲಿ ಸೇರಿಸಿ ತಂದುಕೊಟ್ಟಳು. ದಾನಪ್ಪನವರು ಎಡಗೈಯಲ್ಲಿ ಒಂದೆರಡು ಒತ್ತಿ ನೋಡಿ, ತಲೆಯಲ್ಲಾಡಿಸಿ, ಯಂತ್ರವನ್ನು ಸೋಫಾದ ಮೇಲೆ ಎಸೆದರು. ಅವಳ ಮುಖ ಸಣ್ಣದಾಯಿತು.

ಎಂಟು ದಿನದ ಮೇಲೆ ಪ್ರಭಾವತಿ ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ, ದಾನಪ್ಪನವರು ಹೇಗೋ ಟಿಪ್ಪಣಿ ಗೀಚುವ ಖಾಲಿ ಪುಟವನ್ನು ತೆರೆದಿದ್ದರು. ಅದರಲ್ಲಿ ಸೊಟ್ಟಸೊಟ್ಟಾಗಿ ಒಂದು ಕಿವಿ, ಅದಕ್ಕೊಂದು ಸಣ್ಣ ಗುಂಡು.

"ಮೂರು ತಾಸು ತಲಿ ಕೆಡಿಸ್ಕೊಂಡೆ ಫರೀದಾ," ಎಂದರು ಪ್ರಭಾವತಿ. "ಆಮ್ಯಾಲೆ ಹೊಳೀತು. ನನ್ನ ಬೆಂಡೋಲಿ. ಆಸ್ಪತ್ರಿ ಗಡಿಬಿಡ್ಯಾಗ ತಗದಿಟ್ಟಾಕಿ ಮತ್ತ ಹಾಕ್ಕೊಂಡೇ ಇರಲಿಲ್ಲ. ಅದನ್ನ ಕೇಳ್ಯಾರ."

ಅವರ ಕಿವಿಯಲ್ಲಿ ಈಗ ಬೆಂಡೋಲೆ ಇತ್ತು. ಫರೀದಾಗೆ ತನ್ನ ತಪ್ಪು ತಿಳಿಯಿತು. ಈ ಮನುಷ್ಯ ಏನೇನು ಹೇಳಬಹುದೆಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು.

"ಮೊದಲಿಂದ ಮಾಡ್ತೀನಿ ಅಂಕಲ್. ಚೆನ್ನಾಗಿಲ್ಲ ಅಂದ್ರೆ ಮತ್ತೆ ಎಸೀರಿ," ಎಂದಳು. ಕಾಯಿಲೆ ಬಿದ್ದ ಮೇಲೆ ಅವರು ಮೊದಲ ಸಲ ನಕ್ಕರು.

ಹೊಸ ಪ್ರೋಗ್ರಾಂ ಖಾಲಿ ಪುಟದಿಂದಲೇ ಶುರುವಾಗುತ್ತಿತ್ತು. ಅವರು ಗೀಚಿದ್ದೇ ಚಿತ್ರವಾಗಿ ಉಳಿಯುತ್ತಿತ್ತು. ಕಂಪನಿ ಅದನ್ನು ಮಾರಾಟಕ್ಕಿಟ್ಟಾಗ ಷಿಕಾಗೋದವರೆಗಿನ ಕ್ಲಿನಿಕ್ಕುಗಳು ತರಿಸಿಕೊಂಡವು.

ಆಮೇಲೆ ಫೋನುಗಳೇ ಕಂಪ್ಯೂಟರುಗಳಾದವು. ಅಂಗೈ ಯಂತ್ರವನ್ನು ಕೇಳುವವರೇ ಇಲ್ಲವಾಗಿ, 2008ರಲ್ಲಿ ಕಂಪನಿ ಬಾಗಿಲು ಹಾಕಿತು. ಫರೀದಾ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ಮನೆಗೆ ಬಂದಳು. ಅದೇ ವಾರ ದಾನಪ್ಪನವರ ಯಂತ್ರವೂ ಕೈಕೊಟ್ಟಿತು. ಅದರೊಳಗಿದ್ದ ವರ್ಷಗಟ್ಟಲೆಯ ಚಿತ್ರಗಳು ಹೋದಂತೆಯೇ. ಅದನ್ನು ಹೇಳಲು ಅವಳು ಅಳುಕುತ್ತಲೇ ಹೋದಳು.

ಅಷ್ಟರಲ್ಲಿ ಅವರಿಗೆ ಒಂದೊಂದೇ ಪದ ಮರಳಿತ್ತು. ಎಲ್ಲ ಕೇಳಿ, ಕೆಟ್ಟ ಯಂತ್ರವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು.

"ಹೋಗ್ಲಿ. ಹೊಸದು... ಬರಿ," ಎಂದರು. ಮತ್ತೆ ಪದ ಹುಡುಕಿ ಸೇರಿಸಿದರು: "ನಾ... ಟೆಸ್ಟ್ ಮಾಡ್ತೀನಿ."

ಅಂದಿನಿಂದ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಫೋನಿಗೆಂದು ಅವಳು ಬರೆದ ಹೊಸ ಪ್ರೋಗ್ರಾಂ ಹಿಡಿದು ಅವರ ಅಡುಗೆಮನೆಯ ಮೇಜಿಗೆ ಕೂರತೊಡಗಿದರು. ಅಕ್ಷರ ಸಣ್ಣ, ಗುಂಡಿ ತೀರಾ ಮೇಲಿದೆ, ಬೆರಳಿಗೆ ಜಾಗ ಸಾಲದು ಎಂದು ದಾನಪ್ಪನವರು ಒಂದಲ್ಲ ಒಂದು ಕೊರತೆ ತೋರಿಸಿ ಮೂವತ್ತೊಂದು ಸಲ ತಿರಸ್ಕರಿಸಿದರು. ಮೂವತ್ತೆರಡನೆಯದನ್ನು ಹತ್ತಿರದ ಊರಾದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ಮಾತು ಕಳೆದುಕೊಂಡ ಹದಿನಾಲ್ಕು ಜನ ತಮ್ಮ ಫೋನುಗಳಲ್ಲಿ ಬಳಸತೊಡಗಿದರು. ಹೊಸಬರಿಗೆ ಹೇಳಿಕೊಡಲು ಗುರುವಾರಗಳಂದು ದಾನಪ್ಪನವರೇ ಹೋಗುತ್ತಿದ್ದರು. ಅರವತ್ತೆಂಟರ ಪ್ರಭಾವತಿ ಡ್ರೈವ್ ಮಾಡುತ್ತಿದ್ದರು.