ಗ್ಯಾಲರಿಯ ಸಳಿ

ಮಾಗಿಯ ಬೆಳಗು, ಎಂಟರ ಎಳೆಬಿಸಿಲು, ಆ ಬಿಸಿಲಿನಲ್ಲಿ ಪಟಕಾ ಎಷ್ಟು ಕೆಂಪಗೆ ಹೊಳೆಯಿತು — ನಾಲ್ಕು ವರ್ಷವಾದರೂ ಮಲಕಾರಿ ಗೌಂಡಿಯ ಕಣ್ಣಿಗೆ ಚುಚ್ಚುತ್ತದೆ, ಮಹಡಿಯಿಂದ ಬೀದಿಗೆ ಚಾಚಿದ್ದ, ಮುರಿದುಬಿದ್ದ ಗ್ಯಾಲರಿಯ ಕೆಳಗೆ ನಿಂತಿರುವ ಈಗಲೂ. ಎಂಬತ್ತೆಂಟನೇ ಇಸವಿಯಲ್ಲಿ, ನಿಪ್ಪಾಣಿಯ ತಂಬಾಕು ವ್ಯಾಪಾರಿ ವಿರುಪಾಕ್ಷಪ್ಪನ ಮೂರಂತಸ್ತಿನ ಬಾಡಿಗೆ ಮನೆಗಳಿಗೆ ಸ್ಲ್ಯಾಬ್ ಹಾಕುವ ದಿನ, ಕಾಯಿ ಒಡೆದು ಮೇಸ್ತ್ರಿಯ ಮಾನದ ಪಟಕಾ ಸುತ್ತಿದ್ದು ಭೀಮಸಿಯ ತಲೆಗೆ, ತನ್ನ ಕೈಕೆಳಗೆ ಕೆಲಸ ಕಲಿತ ಭೀಮಸಿಯ ತಲೆಗೆ, ಮೂವತ್ತು ವರ್ಷ ಆ ಮನೆತನದ ಗೋಡೆ ಕಟ್ಟಿದವನು ತಾನು, ತನ್ನನ್ನು ಕರೆದದ್ದು ಊಟಕ್ಕೆ. ಬಾರಪಾ ಮಲಕಾರಿ, ಶಿಷ್ಯಾನ ಕೆಲಸಾ ನೋಡು, ಬಂಗಾರದಂಥಾ ಕೈ ಐತಿ ಇಂವಂದು, ಅಂದ ವಿರುಪಾಕ್ಷಪ್ಪ. ಬಂಗಾರ, ಹೂಂ — ಮಲಕಾರಿ ಮೇಲೆ ಹತ್ತಿ ನೋಡಿದ್ದ, ಗ್ಯಾಲರಿಯಲ್ಲಿ ಕಬ್ಬಿಣದ ಸಳಿ ಮೇಲುಗಡೆ ಇರಬೇಕು, ಬೀದಿಗೆ ಚಾಚಿದ್ದು ಜಗ್ಗುವುದೇ ಮೇಲ್ಭಾಗದಲ್ಲಿ, ನಡುಮನೆಯ ಸ್ಲ್ಯಾಬಿನ ಹಾಗಲ್ಲ, ಭೀಮಸಿ ಸರಿಯಾಗಿಯೇ ಮೇಲೆ ಕಟ್ಟಿದ್ದ, ಆದರೆ ಬುಟ್ಟಿ ಹೊತ್ತ ಹೆಣ್ಣಾಳುಗಳು ಅವುಗಳ ಮೇಲೆಯೇ ತುಳಿದು ಓಡಾಡಿ, ಓಡಾಡಿ, ಸಳಿಗಳು ಕೆಳಗಿನ ಹಲಗೆಗೆ ಹತ್ತಿ ಮಲಗಿದವು, ಭೀಮಸಿ ಅತ್ತ ಪಟಕಾ ಸರಿಮಾಡಿಕೊಳ್ಳುತ್ತ ಫೋಟೊಕ್ಕೆ ನಿಂತಿದ್ದಾನೆ, ಒಂದು ಮಾತು ಸಾಕು, ಸಳಿ ಎತ್ತರ್‍ಯೋ ಅಂದರೆ ಸಾಕು, ಬಾಯಿತನಕ ಬಂತು, ಯಾಕ ಕಾಕಾ ಸುಮ್ಮ ನಿಂತೀರಿ, ನಿಮಗೂ ಒಂದ ಪಟಕಾ ಬೇಕೇನ್ರಿ, ಬುಟ್ಟಿ ಹೊತ್ತ ಅಕ್ಕುತಾಯಿ ಕೇಳಿದಳು, ಎಲ್ಲರೂ ನಕ್ಕರು, ಬಂದ ಮಾತು ಎಲೆ ಅಡಿಕೆಯ ಜೊತೆ ಒಳಗೆ ಹೋಯಿತು, ಕಾಂಕ್ರೀಟು ಬಿತ್ತು, ಮಲಗಿದ ಸಳಿಗಳ ಮೇಲೆಯೇ ಬಿತ್ತು.

ಒಂದು ಬಿರುಕು ಬರಲಿ, ಬೇಡಿದ್ದು ಅಷ್ಟೇ, ನಾಲ್ಕು ಮಂದಿ ನೋಡಿ ಆಡಿಕೊಳ್ಳುವಂಥ ಒಂದು ಬಿರುಕು, ಹೆಣ್ಣುಮಗಳು ಬೀಳಲಿ ಎಂದು ಬೇಡಿರಲಿಲ್ಲ — ಶೇವಂತಾ, ಎರಡನೇ ಅಂತಸ್ತಿನ ಮಾಸ್ತರರ ಹೆಂಡತಿ, ಈ ಸೋಮವಾರ ಒದ್ದೆ ಕೌದಿ ಒಣಹಾಕಲು ಬಂದವಳು, ಕೌದಿ, ಗ್ಯಾಲರಿ, ಅವಳು, ಎಲ್ಲ ಒಟ್ಟಿಗೆ ಕೆಳಗೆ, ಸೊಂಟದಿಂದಾಚೆ ಜೀವವಿಲ್ಲವಂತೆ. ಅಣ್ಣಾ, ಎಲ್ಲಿ ತಪ್ಪೀನಿ ಹೇಳೋ, ಸಳಿ ಮ್ಯಾಲೇ ಕಟ್ಟಿದ್ನಲ್ಲ, ನೀನೂ ನೋಡೀದಿ ಅವತ್ತ, ಎಂದು ಮೊನ್ನೆ ಭೀಮಸಿ ಕಾಲ ಬಳಿ ಕುಕ್ಕರಿಸಿದಾಗಲೂ ಹೇಳಬಹುದಿತ್ತು, ನನಗೇನ ನೆನಪೈತೋ ತಮ್ಮಾ, ಅಂದದ್ದು ಯಾರು, ಅವನ ಸೋತ ಮುಖ ನೋಡಿ ಎದೆಯೊಳಗೆ ಸಣ್ಣಗೆ ತಂಪಾದದ್ದು ಯಾರಿಗೆ. ಉಳಿದ ಗ್ಯಾಲರಿ ಕೆಡವಿ ನೀನ ಕಟ್ಟಬೇಕಪಾ, ವಿರುಪಾಕ್ಷಪ್ಪ ಈಗ ಹೆಗಲ ಮೇಲೆ ಕೈ ಇಟ್ಟಿದ್ದಾನೆ, ಬೇಕಾಗಿದ್ದದ್ದು ಇದೇ ಅಲ್ಲವೇ, ಹೂಂ ಅನ್ನು, ಅನ್ನಲಾಗದು, ಮುರಿದ ಅಂಚಿನ ಅಡಿಗೆ ಸಳಿಗಳು, ಮಲಗಿದ ಸಳಿಗಳು, ಸಳಿಗಳು — ಭೀಮಸಿ ಇಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಇಚಲಕರಂಜಿಗೆ ಹೋದ, ನಿನ್ನೆ ಗುರುವಾರ, ಮಲಕಾರಿಯ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸು ಹತ್ತಿದ.