ದೊಡ್ಡಮ್ಮ ತೊಳೆದು ಕಳಿಸಿದ ಸ್ಪಂಜು

ಕ್ಯಾಂಟೀನಿನಲ್ಲಿ ಮರಗೆಣಸು ಕರಿಯುವ ವಾಸನೆ, ಬೆಳಗಿನ ಹತ್ತಕ್ಕೇ ಶುರುಮಾಡಿದ್ದಾರೆ ಪುಣ್ಯಾತ್ಮರು, ಬೆಳಕು ನುಸುಳಬಾರದೆಂದು ಬಾಗಿಲಸಂದಿಗೆ ಕರಿಬಟ್ಟೆ ತುರುಕಿ ಕೂತ ಈ ಕತ್ತಲೆಕೋಣೆಗೂ ಅದು ಬಂದೇ ಬಂತು, ಎಣ್ಣೆ ನಿನ್ನೆಯದು, ಇರಲಿ, ಅಲುಮಿತಳ ಬಾಯಲ್ಲಿ ನೀರೂರುತ್ತಿದೆ, ಎದ್ದಾಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಗಡಿಯಾರ ನೋಡಿದರೆ ಇನ್ನೂ ಹತ್ತೊಂಬತ್ತು ನಿಮಿಷ — ಆಗಲೂ ಹತ್ತೊಂಬತ್ತೇ ಇತ್ತಲ್ಲ — ಕೋಶಗಳ ತಟ್ಟೆ ಬೆಚ್ಚಗಿನ ಪೆಟ್ಟಿಗೆಯೊಳಗೆ ಮೊಣಕೈ ಪಕ್ಕದಲ್ಲೇ ಇದೆ, ಇಣುಕುವ ಹಾಗಿಲ್ಲ, ಬೆಳಕು ತಾಗಿದರೆ ಒಳಗಿನ ಹಸಿರು ಬಣ್ಣ ಮಾಸುತ್ತದೆ, ಆಮೇಲೆ ಮಾಸಿದ್ದು ಬೆಳಕಿನಿಂದಲೋ ಕೋಶಗಳು ಹೊರಗೆ ಎಸೆದದ್ದರಿಂದಲೋ ದೇವರಿಗೂ ತಿಳಿಯದು. ಹಠಮಾರಿ ಕ್ಯಾನ್ಸರ್ ಕೋಶಗಳು, ಔಷಧಿಗೆ ಬಗ್ಗದವು, ಅವುಗಳ ಗೋಡೆಯಲ್ಲಿ ಪಂಪುಗಳಿವೆ, ಒಳಬಂದ ಔಷಧಿಯನ್ನು ಆಚೆ ಚೆಲ್ಲುತ್ತಲೇ ಇರುತ್ತವೆ, ತೂತುಬಿದ್ದ ದೋಣಿಯಲ್ಲಿ ಕೂತು ಡಬ್ಬದಲ್ಲಿ ನೀರು ಮೊಗೆದು ಚೆಲ್ಲುವವರ ಹಾಗೆ, ಆ ಮೊಗೆಯುವ ಕೈಯನ್ನು ಕಟ್ಟಿಹಾಕಿದರೆ ಔಷಧಿ ಒಳಗೇ ನಿಂತು ಕೆಲಸ ಮಾಡೀತು, ಇಷ್ಟೇ ಅವಳ ಏಳು ವರ್ಷದ ವಿದ್ಯೆ — ಔಷಧಿಯ ಬದಲು ಹಸಿರು ಹೊಳೆಯುವ ಬಣ್ಣ ಕುಡಿಸುವುದು, ಜೊತೆಗೆ ಪರೀಕ್ಷಿಸಬೇಕಾದ ಸಾರ ಹಾಕಿ ಒಂದು ಗಂಟೆ ಬಿಡುವುದು, ಹಸಿರು ಉಳಿದರೆ ಕೈ ಕಟ್ಟಿತು, ಕತ್ತಲಾದರೆ ಇಲ್ಲ. ಬಾಗಿಲಾಚೆ ಪೆನಾಯ ಕೆಮ್ಮುತ್ತಾನೆ, ಸೋದರಮಾವನ ಮಗ, ಪ್ರಯೋಗಾಲಯದ ದೋಣಿ ನಡೆಸುವವನು, ಏನಮ್ಮಾ ವಿಜ್ಞಾನಿ, ಮೊಟ್ಟೆಗೆ ಕಾವು ಕೂತಿದ್ದೀಯೇನೇ, ನಾನು ಕಾಳು ತಂದು ಹಾಕ್ಲಾ? ಹೋಗೋ, ನಿನ್ನ ಮುಖ ನೋಡಿದ್ರೆ ಇದ್ದ ಬೆಳಕೂ ಆರಿಹೋಗುತ್ತೆ. ಮಾವನ ಮಗ ಅಂದಮೇಲೆ ಕಾಲೆಳೆಯಲೇಬೇಕು, ಎಳೆಯದಿದ್ದರೆ ಸಿಟ್ಟಾಗಿದ್ದಾನೆಂದು ಊರೆಲ್ಲ ಸುದ್ದಿ, ಇವತ್ತಂತೂ ಅವನು ಬೈದರೂ ಹಿತವಾಗಿದೆ.

ಎರಡು ವರ್ಷದ ಹಿಂದೆ ಇದೇ ಕುರ್ಚಿ, ಅವಳೂ ಪೆನಾಯನೂ ಕಡವು ದ್ವೀಪದಲ್ಲಿ ದೊಡ್ಡಮ್ಮನ ಊರಿನ ಮುಂದಿನ ಹವಳದಿಬ್ಬಕ್ಕೆ ಮುಳುಗಿ ತಂದ ಸ್ಪಂಜು, ಲೋಳೆ ಲೋಳೆಯಾಗಿ ಬಕೆಟ್ಟಿಗೆ ಹಾಕಿ ಮಂಜುಗಡ್ಡೆ ಸುರಿದು ಸುವಾ ಪಟ್ಟಣದ ಈ ಪ್ರಯೋಗಾಲಯಕ್ಕೆ ತಂದದ್ದು, ಅದರ ಸಾರ ಹಾಕಿದ ದಿನ ಕಣ್ಣಿಟ್ಟರೆ ಅಬ್ಬಾ ಎಂಥ ಹಸಿರು, ಒಂದು ಕೋಶವೂ ಬಣ್ಣ ಬಿಟ್ಟುಕೊಟ್ಟಿರಲಿಲ್ಲ, ಅವಳು ಕೂಗಿದ ಕೂಗಿಗೆ ಕಾವಲುಗಾರ ಬೆಂಕಿ ಬಿತ್ತೆಂದು ಮರಳಿನ ಬಕೆಟ್ಟು ಹಿಡಿದು ಓಡಿಬಂದಿದ್ದ. ಬ್ರಿಸ್ಬೇನಿನಿಂದ ಈ ಕೆಲಸದ ಮಾರ್ಗದರ್ಶಿ ಪ್ರೊಫೆಸರ್ ಮಾರ್ಗೋರ ಫೋನು, ಇನ್ನಷ್ಟು ಬೇಕು, ಐದು ಕಿಲೋ ಬೇಕು — ಆ ತಿಂಗಳು ಹೋಗಲಾಗದೆ ದೊಡ್ಡಮ್ಮನಿಗೇ ಹೇಳಿದಳು, ದೊಡ್ಡಮ್ಮ ತೊರಿಕ, ಅಮ್ಮನ ಅಕ್ಕ, ಮಾತು ಕೊಟ್ಟರೆ ಕೊಟ್ಟದ್ದೇ, ಹದಿನೈದನೇ ದಿನಕ್ಕೆ ಹಡಗಿನಲ್ಲಿ ಬಂತು ಪೆಟ್ಟಿಗೆ, ಮೇಲೆ ಹೊಸ ಚಾಪೆ ಸುತ್ತಿ ಹೂವಿಟ್ಟು, ಮದುವೆ ಉಡುಗೊರೆ ಬಂದಹಾಗೆ. ಕತ್ತಲು. ಇನ್ನೊಮ್ಮೆ, ಕತ್ತಲು. ಆರು ಸಲ ಮಾಡಿದಳು, ಆರು ಸಲವೂ ಬಾವಿಗೆ ಬಗ್ಗಿ ನೋಡಿದ ಹಾಗೆ, ಪ್ರೊಫೆಸರರ ಪತ್ರ ಮಾತ್ರ ಮೃದು, ಬೇಸರ ಬೇಡ ಅಲುಮಿತ, ಮೊದಲ ಹಸಿರು ಎಷ್ಟೋ ಜನರಿಗೆ ಮೋಸ ಮಾಡಿದೆ, ಇನ್ನೊಂದೇ ಸಲ ನೋಡು, ಅದೂ ಆಗದಿದ್ದರೆ ಕಡತ ಮುಚ್ಚೋಣ. ಮುಚ್ಚೋಣ ಎನ್ನುವುದು ಸುಲಭ, ಅಮ್ಮನ ಕ್ಯಾನ್ಸರಿಗೆ ಮೊದಲ ಸಲ ಔಷಧಿ ಹತ್ತಿತು, ಎರಡನೆಯ ಸಲ ಹತ್ತಿತು, ಕೂದಲು ಬಂದಮೇಲೆ ಹೂ ಮುಡಿದು ಚರ್ಚಿಗೆ ಹೋದಳು, ಮೂರನೆಯ ಸಲ ಅದೇ ಔಷಧಿ ನೀರಾಯಿತು, ಯಾಕೆ ಡಾಕ್ಟ್ರೇ ಅಂದರೆ, ಕೋಶಗಳು ಕಲಿತುಬಿಟ್ಟಿವೆ ಕಣಮ್ಮ ಅಂದರು. ಇನ್ನು ಹನ್ನೊಂದು ನಿಮಿಷ.

ಆ ಪತ್ರ ಬಂದಮೇಲೆ ತಪ್ಪೊಪ್ಪಿಕೊಳ್ಳಲೆಂದೇ ಊರಿಗೆ ಹೋದದ್ದು, ಹವಳದಿಬ್ಬ ಊರಿನದು, ಅಲ್ಲಿಂದ ತೆಗೆದದ್ದು ಏನಾಯಿತೆಂದು ಊರಿಗೆ ಹೇಳಬೇಕು, ಹಿರಿಯರ ಸಭೆಯಲ್ಲಿ ಮಾತೆತ್ತುವ ಮೊದಲು ಒಪ್ಪಿಸಬೇಕಾದ ಯಂಗೋನ ಬೇರಿನ ಕಟ್ಟು ಮುಂದಿಟ್ಟು ತಲೆತಗ್ಗಿಸಿ ಕೂತಳು, ಬೇರು ಕುಟ್ಟಿ ನೀರಲ್ಲಿ ಕಲಸಿ, ಅದನ್ನು ಕುಡಿಯುವ ತೆಂಗಿನ ಚಿಪ್ಪು ಎಲ್ಲರ ಕೈಗೂ ಒಂದು ಸುತ್ತು ಬರುವವರೆಗೂ ಕಾದಳು, ಮೊದಲನೆಯ ಸಲ ನಾನೇ ಎಲ್ಲೋ ಎಡವಿರಬೇಕು, ನಿಮಗೆಲ್ಲ ಸುಮ್ಮನೆ ಆಸೆ ಹುಟ್ಟಿಸಿದೆ ಅಂದಳು. ದೊಡ್ಡಮ್ಮ ಚಾಪೆಯ ಆ ತುದಿಯಿಂದಲೇ, ಎಡವಿದ್ದು ನೀನಿರಬಹುದು ಕಣೇ, ನಾವು ಕಳಿಸಿದ್ದರಲ್ಲಿ ಐಬು ಇರೋಕೆ ಸಾಧ್ಯಾನೇ ಇಲ್ಲ, ನಾಲ್ಕು ಜನ ಹೆಂಗಸರು ಇಡೀ ದಿನ ಕೂತು ಚಿಪ್ಪಿನಲ್ಲಿ ಕೆರೆದಿದ್ದೀವಿ, ಆ ನೇರಳೆ ಲೋಳೆ ಒಂದು ಚೂರು ಉಳಿಸಿಲ್ಲ, ಟ್ಯಾಂಕಿನ ಸಿಹಿನೀರಲ್ಲಿ ಮೂರು ಸಲ ತೊಳೆದು ಬಿಸಿಲಿಗೆ ಹಾಕಿದ್ದೀವಿ, ನೀನು ತಗೊಂಡು ಹೋಗಿದ್ದೆಯಲ್ಲ ಮೊದಲು, ಆ ಗಲೀಜು ಹಾಗೇ, ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ, ಓದಿದೋರ ಮನೆಗೆ ಹಾಗಾ ಕಳಿಸೋದು. ಆ ಊರಿನಲ್ಲಿ ಪಕ್ಕದ ಮನೆಗೆ ಖಾಲಿ ಬೋಗುಣಿ ಹಿಂದಿರುಗಿಸುವಾಗಲೂ ಮೂರು ನೀರು ತೊಳೆಯುತ್ತಾರೆ, ಇದು ಅವಳಿಗೆ ಹುಟ್ಟಿನಿಂದ ಗೊತ್ತು, ಗೊತ್ತಿದ್ದೂ ಹೊಳೆದಿರಲಿಲ್ಲ, ಲೋಳೆ, ಸ್ಪಂಜಿನ ಮೈಮೇಲೆ ಬಾಡಿಗೆಗಿದ್ದ ಜೀವಿ, ಪಂಪಿನ ಕೈ ಕಟ್ಟುವ ಮಾಲು ಅದರದ್ದು, ಹೆಸರು ಸ್ಪಂಜಿನದ್ದು! ನಕ್ಕಳು, ಹಿರಿಯರ ಮುಂದೆ ಹಾಗೆ ನಗಬಾರದು, ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು, ದೊಡ್ಡಮ್ಮಾ, ನಂಗೆ ಆ ಗಲೀಜೇ ಬೇಕು. ಏನಂದೆ? ಲೋಳೆ ಬೇಕು, ಕೆರೆದ ಲೋಳೆ. ದೊಡ್ಡಮ್ಮ ಸಭೆಯ ಕಡೆ ತಿರುಗಿ, ನೋಡ್ರಪ್ಪ, ಸರ್ಕಾರದ ದುಡ್ಡಲ್ಲಿ ಇಷ್ಟು ವರ್ಷ ಓದಿ ಲೋಳೆ ಬೇಡೋಕೆ ಬಂದಿದ್ದಾಳೆ ನಮ್ಮ ಹುಡುಗಿ — ಪೆನಾಯ ನೆಲಕ್ಕೆ ಬಿದ್ದು ಹೊರಳಾಡಿದ. ಮರುದಿನ ಅದೇ ಹೆಂಗಸರು ಮೂಗು ಸಿಂಡರಿಸಿಕೊಂಡು ಅದೇ ಚಿಪ್ಪುಗಳಿಂದ ಕೆರೆದು ಮೂರು ಜ್ಯಾಮ್ ಬಾಟಲಿ ತುಂಬಿದರು, ಹಡಗಿನಲ್ಲಿ ಯಾರಾದರೂ ಕಂಡಾರೆಂದು ದೊಡ್ಡಮ್ಮ ಬಾಟಲಿಗಳಿಗೆ ತನ್ನ ಭಾನುವಾರದ ಸ್ಕಾರ್ಫು ಸುತ್ತಿದಳು, ಯಾರು ಕೊಟ್ಟದ್ದು ಅಂತ ಮಾತ್ರ ಹೇಳಬೇಡ ಕಣೇ. ಹೇಳ್ತೀನಿ ದೊಡ್ಡಮ್ಮ, ಊರಿಗೆಲ್ಲ ಹೇಳ್ತೀನಿ, ಹಸಿರಾದರೆ.

ಗಂಟೆ ಬಾರಿಸಿತು. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು, ತಟ್ಟೆಯ ಮೊದಲ ಗುಂಡಿ, ಬಣ್ಣ ಬಿಟ್ಟು ಬೇರೇನೂ ಹಾಕದ್ದು, ಕತ್ತಲು, ಸರಿ, ಕತ್ತಲೇ ಇರಬೇಕು, ಎರಡನೆಯದು, ತೊಳೆದ ಸ್ಪಂಜಿನದು, ಕತ್ತಲು, ದೊಡ್ಡಮ್ಮನ ಅಪ್ಪಟ ಶುಭ್ರ ಕತ್ತಲು, ಮೂರನೆಯದಕ್ಕೆ, ಲೋಳೆಯದಕ್ಕೆ, ಸರಿಸಬೇಕು, ಸರಿಸು ಅಲುಮಿತ, ಉಸಿರಾಡು, ಸರಿಸಿದಳು — ಅಯ್ಯೋ — ಹಸಿರು, ಗುಂಡಿಯ ಈ ಅಂಚಿನಿಂದ ಆ ಅಂಚಿಗೂ ಹಸಿರು, ಒಂದೂ ಬಿಟ್ಟುಕೊಟ್ಟಿಲ್ಲ, ಲೆಕ್ಕ ಹಾಕಬೇಕು, ಚಿತ್ರ ತೆಗೆಯಬೇಕು, ಪ್ರೊಫೆಸರರಿಗೆ ಬರೆಯಬೇಕು, ಇನ್ನೂ ಇಲಿಗಳ ಮೇಲೆ ನೋಡಬೇಕು, ಹತ್ತು ವರ್ಷ ಹಿಡಿದೀತು, ಹಿಡಿಯಲಿ, ಹತ್ತೇನು ಇಪ್ಪತ್ತು ಹಿಡಿಯಲಿ, ಸಂತೋಷ ಅನ್ನುವುದು ಇಷ್ಟು ಭಾರವಿರುತ್ತದೆಂದು ಯಾರೂ ಹೇಳಿರಲಿಲ್ಲ. ಬಾಗಿಲು ಬಡಿಯುತ್ತಿದ್ದಾನೆ ಪೆನಾಯ, ನಿನ್ನ ದೊಡ್ಡಮ್ಮ ಫೋನಿನಲ್ಲಿದ್ದಾರೆ ಕಣೇ, ಏನಾಯ್ತು ಅಂತ ಕೇಳ್ತಿದ್ದಾರೆ, ಏನಂತ ಹೇಳ್ಲಿ? ಹೇಳು, ಹೇಳು ಅವರಿಗೆ — ನಡುವೆ ಒಂದು ಕೋಶ, ಸ್ವಲ್ಪ ದೊಡ್ಡದು, ಅಂಚು ಮುದುಡಿದ್ದು, ಈಗ ಆರುತ್ತದೆ, ಈಗ, ಇಷ್ಟು ಬೆಳಕಿನಲ್ಲಿ ಆರಲೇಬೇಕು, ಅಮ್ಮ, ನೋಡಮ್ಮ, ಆರುತ್ತಿಲ್ಲ, ಹಿಡಿದುಕೊಂಡಿದೆ, ಒಳಗೇ ಹಿಡಿದುಕೊಂಡಿದೆ, ಹಸಿರು, ಇನ್ನೂ ಹಸಿರು