ಹಲಗೆಯ ಮೇಲೆ ಅಣ್ಣನ ಅಕ್ಷರ

ಕೈಗೆ ಸಿಕ್ಕ ಯಾವ ವಸ್ತುವನ್ನಾದರೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಅರೆಮುಚ್ಚಿ, ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳಿಬಿಡುವ ಅಭ್ಯಾಸ ನಮ್ಮ ಬೀದಿಯ ಪ್ರಿಂಟರ್ ರಿಪೇರಿಯವರಿಗಿತ್ತು. ಬಿಸ್ಕತ್ತು, ಪುಸ್ತಕದ ರಟ್ಟು, ಚಪ್ಪಲಿಯ ಅಟ್ಟೆ, ಯಾವುದೂ ಆ ಪರೀಕ್ಷೆಯಿಂದ ತಪ್ಪಿಸಿಕೊಂಡದ್ದಿಲ್ಲ. ಮಕ್ಕಳು ಅವರನ್ನು ಮಿಲಿಮೀಟರ್ ಮಾಮ ಎಂದೇ ಕರೆಯುತ್ತಿದ್ದರು. ಮಾಮ ಎಡಭುಜವನ್ನು ತುಸು ಮುಂದೆ ಮಾಡಿ, ಕಿರಿದಾದ ಸಂದಿಯಲ್ಲಿ ತೂರುವವರಂತೆ ನಡೆಯುತ್ತಿದ್ದರು. ಅರ್ಧಾಯುಷ್ಯವನ್ನು ಯಂತ್ರಗಳ ಒಡಲಲ್ಲಿ ಇಣುಕಿ ಕಳೆದವರ ನಡಿಗೆ ಅದು. ಮೈಮೇಲೆ ಇಂಕಿನ ಕಲೆ ಹತ್ತಿದ ಬೂದು ಕೋಟು, ಬಾಯಲ್ಲಿ ಮಾತಿಗೊಮ್ಮೆ "ಆಗುತ್ತೆ ಬಿಡಿ."

ಅವರ ಅಣ್ಣ ನಾಮಫಲಕ ಬರೆಯುವವರು. ಊರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವರ ಅಕ್ಷರಗಳಿದ್ದವು. ಅರವತ್ತು ದಾಟಿದ ಮೇಲೆ ಬಲಗೈ ನಡುಗತೊಡಗಿತು. ಬರೆಸುವವರು ಒಬ್ಬೊಬ್ಬರಾಗಿ ದೂರವಾದರು. ತಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. ಯಾರೋ ಬಿಟ್ಟುಹೋಗಿದ್ದ ಹಳೆಯ ಇಂಕ್‌ಜೆಟ್ ಪ್ರಿಂಟರನ್ನು ಬಿಚ್ಚಿ ಹರಡಿಕೊಂಡು ಕುಳಿತರು. ಬಳುಕುವ ಕಾಗದವನ್ನಷ್ಟೇ ಎಳೆದುಕೊಳ್ಳಬಲ್ಲ ಆ ಯಂತ್ರ ನಾಮಫಲಕದ ದಪ್ಪ ಹಲಗೆಯನ್ನು ನುಂಗಬೇಕಿತ್ತು. ಅದಕ್ಕಾಗಿ ರೋಲರುಗಳನ್ನು ಕಿತ್ತು, ಇಂಕು ಚಿಮ್ಮಿಸುವ ಹೆಡ್ಡನ್ನು ಲೋಹದ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ಹಳಿಗಳ ಮೇಲೆ ಸರಿಯುವ ಸಪಾಟು ತಟ್ಟೆ ಕೂರಿಸಿ, ಕಾಗದ ಬಂತೇ ಎಂದು ಕಾಯುವ ಪುಟ್ಟ ಸೆನ್ಸರನ್ನು ಏಮಾರಿಸಿ, ಏಳು ತಿಂಗಳು ಹೆಣಗಿದರು. ಹಲಗೆ ಕೊಂಚ ಸೊಟ್ಟಗಿದ್ದರೂ ಹೆಡ್ಡು ತಾಗಿ ಕಿರ್ರೆನ್ನುತ್ತಿತ್ತು; ಮೂರು ಹೆಡ್ಡು ಹಾಳಾದವು.

"ಅಣ್ಣನಿಗೆ ಹೇಳಿದಿರಾ?" ಎಂದು ನಾನೊಮ್ಮೆ ಕೇಳಿದೆ.

"ಮುಗೀಲಿ ಸಾರ್. ನೋಡಿ ದಂಗಾಗ್ಬೇಕು ಅವನು," ಎಂದು ಮಗುವಿನಂತೆ ನಕ್ಕರು.

ಅಣ್ಣ ಬಂದ ದಿನ ನಾನೂ ಮಾಮನ ಅಂಗಡಿಯಲ್ಲಿದ್ದೆ. ಬಿಳಿಯ ಲೇಪ ಹಚ್ಚಿದ ಹಲಗೆ ಒಳಗೆ ಸರಿಯಿತು. ಹೊರಬಂದಾಗ ಅದರ ಮೇಲೆ, ಹಳೆಯ ಕರಡುಗಳಿಂದ ಮಾಮ ಸ್ಕ್ಯಾನ್ ಮಾಡಿಟ್ಟಿದ್ದ, ಅಣ್ಣನವೇ ಅಕ್ಷರಗಳು: ಕೊಂಬಿನ ಆ ದುಂಡು, ಒತ್ತಿನ ಆ ಬಾಗು, ಎಳ್ಳಷ್ಟೂ ಲೋಪವಿಲ್ಲದೆ.

"ನಿನ್ನ ಕೈಬರಹ ಇನ್ಮೇಲೆ ಎಲ್ಲೂ ಹೋಗಲ್ಲ ಅಣ್ಣ."

ಅಣ್ಣ ನಡುಗುವ ಬೆರಳಿನಿಂದ ಹಲಗೆಯನ್ನು ಮುಟ್ಟಿದರು. "ಚೆನ್ನಾಗಿದೆ ಕಣೋ. ನಾನೂ ಇಷ್ಟು ನೀಟಾಗಿ ಬರೀತಿರ್ಲಿಲ್ಲ."

ಅಷ್ಟೇ. ಮರುದಿನ ಅತ್ತಿಗೆ ಬಂದು ಕುಂಚಗಳ ಡಬ್ಬವನ್ನು ಮೇಜಿನ ಮೇಲಿಟ್ಟರು. "ನಿಮ್ಮಣ್ಣ ಕೊಟ್ಟು ಬಾ ಅಂದ್ರು. ಕೈ ನಡುಗಿದ್ರೂ ದಿನಾ ಬೆಳಿಗ್ಗೆ ಕೂತು ಒಂದೊಂದೇ ಅಕ್ಷರ ತಿದ್ದೋರು ಕಣಪ್ಪ. ಮೊನ್ನೆ 'ಅ' ಸರಿಯಾಗಿ ಬಂತು ಅಂತ ನನ್ನನ್ನ ಕರೆದು ತೋರಿಸಿದ್ರು. ಇವತ್ತು ಕೂರಲೇ ಇಲ್ಲ."

ಮಾಮ ಆ ಯಂತ್ರವನ್ನು ಮತ್ತೆ ಚಾಲೂ ಮಾಡಲಿಲ್ಲ. ಡಬ್ಬ ಹಿಡಿದು ಎರಡು ಸಲ ಅಣ್ಣನ ಮನೆಗೆ ಹೋದರು. ಎರಡು ಸಲವೂ ಅಣ್ಣ ಕ್ಷೇಮಸಮಾಚಾರ ಕೇಳಿ, ಕಾಫಿ ಕೊಡಿಸಿ, ಡಬ್ಬವನ್ನು ಅವರ ಜೊತೆಗೇ ಕಳುಹಿಸಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

"ಏಳು ತಿಂಗಳು ಸಾರ್," ಎಂದರು ನನ್ನೊಡನೆ. "ನಿಂಗೇನು ಬೇಕು ಅಂತ ಒಂದ್ಸಲಾನೂ ಕೇಳ್ಲಿಲ್ಲ ನಾನು ಅವನನ್ನ."

ಕೆಟ್ಟದ್ದನ್ನು ಸರಿಪಡಿಸುವವರದೇ ಒಂದು ಕುಲವಿದೆ. ತಮ್ಮವರ ಸಂಕಟ ಕಣ್ಣಿಗೆ ಬಿದ್ದೊಡನೆ ಅವರು ಅದರೊಳಗಿನ ದೋಷವನ್ನು ಹುಡುಕತೊಡಗುತ್ತಾರೆ. ಹುಡುಕುವ ಭರದಲ್ಲಿ ಸಂಕಟಪಡುವವರ ಪಕ್ಕ ಒಂದು ಗಳಿಗೆ ಸುಮ್ಮನೆ ಕೂರುವುದನ್ನು ಮರೆಯುತ್ತಾರೆ. ಅವರಷ್ಟು ಗಾಢವಾಗಿ ಪ್ರೀತಿಸುವವರು ವಿರಳ; ತಮ್ಮ ಪ್ರೀತಿಯೇ ಮಾಡಿದ ಗಾಯದೆದುರು ಮಾತ್ರ, ಯಾವ ಉಪಕರಣವೂ ಒದಗದೆ, ಬರಿಗೈಯಲ್ಲಿ ನಿಂತುಬಿಡುತ್ತಾರೆ.